ಮಂದ್ರದ ಮೈಬಣ್ಣ

ವಾದ್ಯದ ಮೈಬಣ್ಣಕ್ಕೂ ಅದರ ನಾದಕ್ಕೂ ನಂಟಿಲ್ಲವೆಂದು ಸಂಗೀತ ಬಲ್ಲವರು ಹೇಳುತ್ತಾರೆ. ವೀಣೆಯನ್ನು ಕೊಳ್ಳಹೊರಟವರು ಮರ ಹಲಸಿನದೋ ಬೀಟೆಯದೋ ಎಂದು ಕೇಳುತ್ತಾರೆ. ಮೇಳ ಕಟ್ಟಿದ ಕೈ ಯಾರದೆಂದು ವಿಚಾರಿಸುತ್ತಾರೆ. ತಂತಿಯನ್ನು ಮೀಟಿ, ಕಣ್ಣು ಮುಚ್ಚಿ ಆಲಿಸುತ್ತಾರೆ. ನೀಲಿ ವೀಣೆ ಬೇಕೆಂದೋ ಗುಲಾಬಿ ಬಣ್ಣದ ಮೃದಂಗವಿಲ್ಲವೆ ಎಂದೋ ಕೇಳಿದವರನ್ನು ನಾವು ಕಂಡಿಲ್ಲ. ಮರದ ಬಣ್ಣವೇ ವಾದ್ಯದ ಬಣ್ಣ. ಅದು ಆಯ್ಕೆಯ ವಿಷಯವಲ್ಲ, ಹುಟ್ಟಿನ ವಿಷಯ.

ವಿದ್ಯುತ್ ಬೇಸ್ ಗಿಟಾರಿನ ಸಂಗತಿ ಬೇರೆ. ನಾಲ್ಕು ದಪ್ಪ ತಂತಿಗಳ, ಉದ್ದ ದಂಡಿಯ ಈ ಮಂದ್ರವಾದ್ಯವನ್ನು ಕೊಳ್ಳಹೋದವನಿಗೆ ಅಂಗಡಿಯಲ್ಲಿ ಎದುರಾಗುವ ಮೊದಲ ಪ್ರಶ್ನೆಯೇ ‘ಯಾವ ಬಣ್ಣದ್ದು?’ ಎಂಬುದು. ಎರಡನೆಯ ಪ್ರಶ್ನೆ ಲೋಹದ್ದು: ಬಿರಡೆಗಳೂ ಕುದುರೆಯೂ ಗುಂಡಿಗಳೂ ಬೆಳ್ಳಗೆ ಹೊಳೆಯಬೇಕೆ, ಹೊಂಬಣ್ಣದಲ್ಲಿರಬೇಕೆ, ಕಪ್ಪಾಗಿರಬೇಕೆ? ಈ ಪ್ರಶ್ನೆಗಳನ್ನು ಕೇಳಿ ಹಿರಿಯರು ನಗುವುದುಂಟು. ಸಂಗೀತ ಕಲಿಯಹೊರಟ ಹುಡುಗ ಬಣ್ಣದ ಪಟ್ಟಿಯನ್ನು ಮುಂದಿಟ್ಟುಕೊಂಡು ತಿಂಗಳುಗಟ್ಟಲೆ ಚಿಂತಿಸುವುದು ಸೀರೆ ಅಂಗಡಿಯ ವ್ಯವಹಾರದಂತೆ ಅವರಿಗೆ ತೋರುತ್ತದೆ. ಆದರೆ ಆ ಹುಡುಗ ಕೂಳೂರಿನವನಾಗಿದ್ದರೆ ನಗುವ ಮೊದಲು ಸ್ವಲ್ಪ ಯೋಚಿಸಬೇಕು.

ಮಂಗಳೂರಿನ ಉತ್ತರಕ್ಕೆ, ಉಡುಪಿಯ ಕಡೆಗೆ ಹೋಗುವ ಹೆದ್ದಾರಿ ಫಲ್ಗುಣಿ ನದಿಯನ್ನು ದಾಟುವಲ್ಲಿ ಕೂಳೂರು ಇದೆ. ನಮ್ಮ ಹಿರಿಯರು ಗುರುಪುರ ಹೊಳೆಯೆಂದು ಕರೆಯುತ್ತಿದ್ದುದೂ ಇದನ್ನೇ. ಹೊಳೆ ಇಲ್ಲಿ ಸಮುದ್ರದ ಮಗ್ಗುಲಿಗೇ ಬಂದಿದ್ದರೂ ಕೂಡಲೇ ಸೇರದೆ ತೆಂಕಣಕ್ಕೆ ತಿರುಗಿ, ತಣ್ಣೀರುಬಾವಿಯ ಮರಳುದಿಬ್ಬದ ಒಳಗಿನಿಂದ ಹರಿದು, ನೇತ್ರಾವತಿಯೊಡನೆ ಅಳಿವೆಯಲ್ಲಿ ಕಡಲಿಗೆ ಸೇರುತ್ತದೆ. ಭರತದ ಹೊತ್ತಿಗೆ ಉಪ್ಪುನೀರು ಹೊಳೆಯೊಳಗೆ ಏರುತ್ತದೆ. ಪಡುವಣದಲ್ಲಿ ಕಡಲು, ಬಡಗಣದಲ್ಲಿ ಪಣಂಬೂರಿನ ಬಂದರು, ನಡುವೆ ಹಗಲಿರುಳೂ ಓಡುವ ಲಾರಿಗಳು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸೀಮೆ ಇದು. ಇಲ್ಲಿಯ ಗಾಳಿಗೆ ಉಪ್ಪಿನ ನಾಲಗೆಯಿದೆ. ಕಬ್ಬಿಣದ ಕಿಟಕಿಸರಳಿನಿಂದ ಹಿಡಿದು ಸೈಕಲ್ಲಿನ ಸರಪಣಿಯವರೆಗೆ ಎಲ್ಲವನ್ನೂ ಅದು ನೆಕ್ಕಿ ರುಚಿ ನೋಡುತ್ತದೆ. ಇಂಥ ಊರಿನಲ್ಲಿ ಬಣ್ಣ ಮತ್ತು ಲೋಹದ ಆಯ್ಕೆ ಬರಿಯ ಅಲಂಕಾರದ ಮಾತಲ್ಲ. ವಾದ್ಯದ ಆಯುಷ್ಯದ ಮಾತು. ಅದನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಸಂಬಳದಲ್ಲಿ ಉಳಿಸಿದ ಹಣದಿಂದ, ಬದುಕಿನಲ್ಲಿ ಒಮ್ಮೆಯೋ ಎರಡು ಬಾರಿಯೋ ಕೊಳ್ಳುವವರು. ಅವರ ಆಯ್ಕೆಗೆ ನೆರವಾಗಬಲ್ಲ ಕೆಲವು ವಿಚಾರಗಳನ್ನು ಇಲ್ಲಿ ಮುಂದಿಡಬಹುದು.

ಕರಾವಳಿಯ ಮಂದ್ರಸ್ವರ

ಪರದೇಶದ ಈ ವಾದ್ಯಕ್ಕೂ ನಮ್ಮ ಕರಾವಳಿಗೂ ಏನು ಸಂಬಂಧವೆಂದು ಕೆಲವರಾದರೂ ಕೇಳಿಯಾರು. ಮಂಗಳೂರಿನ ಕೊಂಕಣಿ ಕ್ರೈಸ್ತರ ಬದುಕಿನಲ್ಲಿ ಸಂಗೀತ ಹಾಸುಹೊಕ್ಕಾಗಿದೆ. ಇಗರ್ಜಿಯ ಗಾಯನವೃಂದ, ಮದುವೆಯ ಮುನ್ನಾದಿನದ ರೋಸ್, ಮದುವೆಯ ಸಂಜೆಯ ವಾದ್ಯಗೋಷ್ಠಿ, ಇವೆಲ್ಲ ಹಾಡಿಲ್ಲದೆ ನಡೆಯುವುದಿಲ್ಲ. ‘ಕೊಂಕಣ ಕೋಗುಳ್’ ಎಂದು ಹೆಸರಾದ ವಿಲ್ಫಿ ರೆಬಿಂಬಸ್ (1942–2010) ಅವರ ಸಂಗೀತರಾತ್ರಿಗಳು ಕೊಂಕಣಿ ಹಾಡನ್ನು ವಾದ್ಯವೃಂದದೊಡನೆ ದೊಡ್ಡ ರಂಗಕ್ಕೆ ತಂದವು. ಮಾಂಡ್ ಸೊಭಾಣ್ ಸಂಸ್ಥೆಯವರು 2008ರ ಜನವರಿ 26 ಮತ್ತು 27ರಂದು ಶಕ್ತಿನಗರದ ಕಲಾಂಗಣದಲ್ಲಿ ನಲವತ್ತು ಗಂಟೆಗಳ ಕಾಲ ಎಡೆಬಿಡದೆ ಕೊಂಕಣಿ ಹಾಡುಗಳನ್ನು ಹಾಡಿಸಿದುದು ಅನೇಕರ ನೆನಪಿನಲ್ಲಿದೆ.

ಇಂಥ ವಾದ್ಯಗೋಷ್ಠಿಗಳ ತಳಹದಿಯಲ್ಲಿರುವುದು ಬೇಸ್ ಗಿಟಾರು. ಅದರ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ; ಮನುಷ್ಯನ ಕಿವಿಗೆ ಕೇಳುವ ಕನಿಷ್ಠ ಎಲ್ಲೆಗೆ ಇದು ಬಹು ದೂರವಿಲ್ಲ. ಆದುದರಿಂದಲೇ ಬೇಸನ್ನು ಕೇಳುವುದಕ್ಕಿಂತ ಎದೆಯಲ್ಲಿ ಅನುಭವಿಸುವುದು ಹೆಚ್ಚು. ಗಾಯಕನನ್ನು ಎಲ್ಲರೂ ನೋಡುತ್ತಾರೆ. ಹಿಂದೆ ನಿಂತ ಬೇಸ್ ವಾದಕನನ್ನು ಗಮನಿಸುವವರು ವಿರಳ. ಅವನು ಒಂದು ಕ್ಷಣ ಕೈ ತಡೆದರೆ ಮಾತ್ರ, ಮನೆಯ ಅಡಿಪಾಯ ಜಾರಿದಂತೆ ಸಭೆಯೆಲ್ಲ ಬೆಚ್ಚುತ್ತದೆ. ಕೇಳಿಸದೆ ಕೇಳಿಸುವ, ಕಾಣಿಸದೆ ನಿಲ್ಲುವ ಈ ವಾದಕನಿಗೆ ಸಭೆಯೊಡನೆ ಮಾತಾಡಲು ಇರುವ ಒಂದೇ ದಾರಿ ಅವನ ಎದೆಯ ಮೇಲಿನ ವಾದ್ಯದ ಬಣ್ಣ. ಅವನು ಅದನ್ನು ಆಸ್ಥೆಯಿಂದ ಆರಿಸಿದರೆ ಅದರಲ್ಲಿ ತಪ್ಪೇನು?

ಕಪ್ಪು ಕರಣೆ, ನೀಲಿ ಗಿಟಾರು

ಬಣ್ಣಕ್ಕೂ ನಾದಕ್ಕೂ ನಂಟಿಲ್ಲವೆಂಬ ಮಾತನ್ನು ಇಲ್ಲಿ ಕೊಂಚ ಪರೀಕ್ಷಿಸಬೇಕು. ಮೃದಂಗದ ಬಲಮುಖದ ನಡುವಿನ ಕಪ್ಪು ಕರಣೆಯನ್ನು ನೋಡಿ. ನೋಡುವವರಿಗೆ ಅದು ದೃಷ್ಟಿಬೊಟ್ಟು. ಕೇಳುವವರಿಗೆ ಅದೇ ಮೃದಂಗದ ಜೀವ. ಕಲ್ಲು ಕಬ್ಬಿಣಗಳ ಕಪ್ಪು ಪುಡಿಯನ್ನು ಅನ್ನದೊಡನೆ ಅರೆದು ಪದರಪದರವಾಗಿ ಮೆತ್ತಿದ ಆ ಭಾರವೇ ಚರ್ಮದ ಒರಟು ಸದ್ದನ್ನು ಶ್ರುತಿಬದ್ಧವಾದ ಸ್ವರವಾಗಿ ಮಾಡುತ್ತದೆ. ಈ ಮರ್ಮವನ್ನು ಸಿ. ವಿ. ರಾಮನ್ ಅವರು ಶಿವಕಾಳಿ ಕುಮಾರ್ ಅವರೊಡನೆ 1920ರಲ್ಲಿಯೇ ಜಗತ್ತಿಗೆ ತಿಳಿಸಿದರು. ಅಲ್ಲಿ ಬಣ್ಣ ನಾದದ ಕೈಕೆಲಸದಿಂದ ತಾನಾಗಿ ಬಂದುದು.

ಬೇಸ್ ಗಿಟಾರಿನಲ್ಲಿ ಹಾಗಿಲ್ಲ. ಇದರ ಮೈ ಗಟ್ಟಿ ಮರದ ಹಲಗೆ. ವೀಣೆಯ ಕೊಡದಂತೆ ಪೊಳ್ಳಲ್ಲ. ಉಕ್ಕಿನ ತಂತಿ ಅದುರಿದಾಗ ಅದರ ಕೆಳಗಿರುವ ಪಿಕಪ್ಪಿನ ಆಯಸ್ಕಾಂತದ ಕ್ಷೇತ್ರ ಕಲಕಿ, ಸುತ್ತಿದ ತಾಮ್ರದ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ತತ್ತ್ವವೇ ಇದು. ಆ ವಿದ್ಯುತ್ತು ಧ್ವನಿವರ್ಧಕಕ್ಕೆ ಹೋಗಿ ಸ್ವರವಾಗುತ್ತದೆ. ಆಯಸ್ಕಾಂತಕ್ಕೆ ಕಣ್ಣಿಲ್ಲ; ಮರಕ್ಕೆ ನೀಲಿ ಬಳಿದರೂ ಕೆಂಪು ಬಳಿದರೂ ಅದಕ್ಕೆ ಒಂದೇ. ಕುದುರೆಯ ಲೋಹ ಹಗುರವೋ ಭಾರವೋ ಎಂಬುದರಿಂದ ತಂತಿಯ ಕಂಪನದ ದೀರ್ಘತೆಯಲ್ಲಿ ಕೊಂಚ ವ್ಯತ್ಯಾಸವಾದೀತು. ಆದರೆ ಅದರ ಮೇಲಿನ ಗಿಲೀಟು ಬಿಳಿಯದೋ ಹೊನ್ನಿನದೋ ಎಂಬುದರಿಂದ ಏನೂ ಆಗದು. ಆದುದರಿಂದ ಒಂದು ಮಾತು ಖಚಿತ: ಬಣ್ಣವನ್ನು ಆರಿಸುವವನು ನಾದದ ಹೆಸರು ಹೇಳಿ ತನ್ನನ್ನು ತಾನೇ ಮೋಸಗೊಳಿಸಿಕೊಳ್ಳಬೇಕಾಗಿಲ್ಲ. ಆಯ್ಕೆ ಕಣ್ಣಿನದು, ಕೈಯದು, ಹವೆಯದು.

ಮೋಟಾರಿನಿಂದ ಬಂದ ಬಣ್ಣ

ಈ ವಾದ್ಯಕ್ಕೆ ಬಣ್ಣ ಅಂಟಿದ ಕಥೆ ಸ್ವಾರಸ್ಯವಾದುದು. ಮಂದ್ರದ ತಂತಿವಾದ್ಯವನ್ನು ಗಿಟಾರಿನಂತೆ ಅಡ್ಡ ಹಿಡಿದು ನುಡಿಸುವ ಪ್ರಯತ್ನ 1930ರ ದಶಕದಲ್ಲಿಯೇ ಅಮೆರಿಕದ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಎಂಬವರಿಂದ ನಡೆದಿತ್ತು. ಆದರೆ ಅದು ಲೋಕಕ್ಕೆ ಬಳಕೆಯಾದುದು ಕ್ಯಾಲಿಫೋರ್ನಿಯದ ಲಿಯೊ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ವಾದ್ಯವನ್ನು ಹೊರತಂದ ಮೇಲೆ. ಮೊದಲಿಗೆ ಅದಕ್ಕೆ ಇದ್ದುದು ಒಂದೇ ಬಣ್ಣ: ಮರದ ಎಳೆಗಳು ಕಾಣುವಂಥ ಬೆಣ್ಣೆಯ ಹಳದಿ, ಅದರ ಮೇಲೆ ಕರಿಯ ಫಲಕ. ಕೆಲ ವರ್ಷಗಳಲ್ಲಿ ನಡುವೆ ಹೊಂಬಣ್ಣವಿದ್ದು ಅಂಚಿಗೆ ಕಪ್ಪಾಗುವ ‘ಸನ್‌ಬರ್ಸ್ಟ್’ ಬಂದಿತು. ಮುಳುಗುವ ಸೂರ್ಯನನ್ನು ಮರದಲ್ಲಿ ಹಿಡಿದಿಟ್ಟಂತಿರುವ ಈ ಬಣ್ಣ ಪಿಟೀಲು ಕುಟುಂಬದ ಹಳೆಯ ಮೆರುಗಿನ ನೆನಪನ್ನು ಹೊತ್ತುದು.

ಗಿಟಾರಿಗೆ ಕೆಂಪು ನೀಲಿ ಹಸುರುಗಳು ಬಂದುದು ಮಾತ್ರ ಸಂಗೀತದ ಮನೆಯಿಂದಲ್ಲ, ಮೋಟಾರುಖಾನೆಯಿಂದ. 1920ರ ದಶಕದಲ್ಲಿ ಡ್ಯೂಪಾಂಟ್ ಕಂಪೆನಿಯವರು ಡ್ಯೂಕೊ ಎಂಬ ಹೆಸರಿನ, ಬೇಗನೆ ಒಣಗುವ ನೈಟ್ರೊಸೆಲ್ಯುಲೋಸ್ ಮೆರುಗನ್ನು ಮೋಟಾರುಗಳಿಗಾಗಿ ತಂದರು. ಅದಕ್ಕೆ ಮುನ್ನ ಒಂದು ಕಾರಿನ ಬಣ್ಣ ಒಣಗಲು ವಾರಗಳೇ ಹಿಡಿಯುತ್ತಿದ್ದುವು. ಫೆಂಡರ್ ಕಂಪೆನಿ 1956ರ ಹೊತ್ತಿಗೆ, ನೂರಕ್ಕೆ ಐದರಂತೆ ಹೆಚ್ಚು ಬೆಲೆ ಕೊಟ್ಟವರಿಗೆ ಈ ಡ್ಯೂಕೊ ಬಣ್ಣಗಳಲ್ಲಿ ಮೆಚ್ಚಿದುದನ್ನು ಬಳಿದುಕೊಡುವುದಾಗಿ ಸಾರಿತು. ಫಿಯೆಸ್ಟಾ ರೆಡ್ ಎಂಬ ಕೆಂಪು 1956ರ ಫೋರ್ಡ್ ಥಂಡರ್‌ಬರ್ಡ್ ಕಾರಿನದು. ಸಾನಿಕ್ ಬ್ಲೂ, ಲೇಕ್ ಪ್ಲಾಸಿಡ್ ಬ್ಲೂ ಎಂಬ ನೀಲಿಗಳು ಕ್ಯಾಡಿಲಾಕ್ ಕಾರುಗಳವು. ಅಂದಿನ ತರುಣರು ಕೊಳ್ಳಲಾರದ ಕಾರಿನ ಬಣ್ಣವನ್ನು ಹೆಗಲಿಗೆ ತೂಗಿಕೊಂಡು ರಂಗವೇರಿದರು ಎನ್ನೋಣವೆ?

ಡ್ಯೂಕೊ ಎಂಬ ಮಾತು ನಮಗೆ ಅಪರಿಚಿತವಲ್ಲ. ನಮ್ಮ ಬಡಗಿಗಳೂ ಬಣ್ಣಗಾರರೂ ಕಪಾಟಿಗೋ ಸ್ಕೂಟರಿಗೋ ಗಾಳಿಯಂತ್ರದಿಂದ ಬಣ್ಣ ಸಿಂಪಡಿಸುವುದನ್ನು ಇಂದಿಗೂ ‘ಡ್ಯೂಕೊ ಹೊಡೆಯುವುದು’ ಎಂದೇ ಹೇಳುತ್ತಾರೆ. ಕಂಪೆನಿಯ ಹೆಸರು ಕಸುಬಿನ ಹೆಸರಾಗಿ ಉಳಿದಿದೆ. ಹಳೆಯ ಗಿಟಾರಿಗೆ ಹೊಸ ಬಣ್ಣ ಬೇಕಾದವನಿಗೆ ಇದರಿಂದ ಒಂದು ಸೌಕರ್ಯವೂ ಉಂಟು. ಕಾರಿನ ಮೈಯನ್ನು ಉಜ್ಜಿ, ಅಸ್ತರಿ ಕೊಟ್ಟು, ಬಣ್ಣ ಸಿಂಪಡಿಸಿ, ಮೆರುಗು ತರಬಲ್ಲ ಕೈ ಗಿಟಾರಿನ ಮೈಗೂ ಅದನ್ನೇ ಮಾಡಬಲ್ಲದು. ಏಕೆಂದರೆ ಗಿಟಾರಿನ ಬಣ್ಣಗಾರಿಕೆ ಹುಟ್ಟಿದುದೇ ಅಲ್ಲಿ. ಎಚ್ಚರಿಕೆ ಒಂದೇ: ಮಳೆಗಾಲದ ತೇವದ ದಿನ ಈ ಮೆರುಗನ್ನು ಸಿಂಪಡಿಸಿದರೆ ಗಾಳಿಯ ನೀರು ಪದರದೊಳಗೆ ಸಿಕ್ಕಿ, ಬಣ್ಣ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಕರಾವಳಿಯಲ್ಲಿ ಈ ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚಿಯವರೆಗಿನ ಒಣ ಹವೆಯೇ ಲೇಸು.

ದೀಪದ ಬೆಳಕಿನ ಪರೀಕ್ಷೆ

ಹಾಗಾದರೆ ಯಾವ ಬಣ್ಣ? ರುಚಿ ಅವರವರದು. ಆದರೆ ಬಣ್ಣವನ್ನು ಯಾವ ಬೆಳಕಿನಲ್ಲಿ ನೋಡಿ ಆರಿಸಬೇಕೆಂಬುದಕ್ಕೆ ಒಂದು ನಿಯಮವುಂಟು. ಅದನ್ನು ನಮ್ಮ ಯಕ್ಷಗಾನದ ವೇಷಗಾರರಿಂದ ಕಲಿಯಬಹುದು. ಅರದಾಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆಯ ಕಪ್ಪು, ಹಗುರವಾದ ಮರದ ಮೇಲೆ ಬೇಗಡೆ ಅಂಟಿಸಿದ ಭುಜಕೀರ್ತಿ ಕಿರೀಟಗಳು, ಇವನ್ನು ಹಗಲು ಚೌಕಿಯಲ್ಲಿ ನೋಡಿದರೆ ಅತಿಯೆನಿಸುತ್ತವೆ. ರಾತ್ರಿ ದೀವಟಿಗೆಯ ಬೆಳಕಿನಲ್ಲಿ ಅವೇ ಜೀವ ತಳೆಯುತ್ತವೆ. ಕುಣಿಯುವ ಬೆಂಕಿಯ ಹೊಂಬೆಳಕಿನಲ್ಲಿ, ದೂರದಲ್ಲಿ ಕುಳಿತವನಿಗೆ ಕಾಣಲೆಂದು ಅವನ್ನು ಆರಿಸಿದವರು ಹಿರಿಯರು. ದೀವಟಿಗೆ ಹೋಗಿ ಗ್ಯಾಸ್‌ಲೈಟು, ಗ್ಯಾಸ್‌ಲೈಟು ಹೋಗಿ ವಿದ್ಯುದ್ದೀಪ ಬಂದಾಗ ಅದೇ ಬಣ್ಣಗಳು ಬೇರೆಯಾಗಿ ಕಂಡುವು. ಬಣ್ಣವೆಂಬುದು ವಸ್ತುವಿನಲ್ಲಿ ಅರ್ಧ, ದೀಪದಲ್ಲಿ ಅರ್ಧ.

ಬೇಸ್ ಗಿಟಾರೂ ರಂಗದ ವಸ್ತುವೇ. ಅಂಗಡಿಯ ಬಿಳಿಯ ಕೊಳವೆದೀಪದಡಿಯಲ್ಲಿ ಮನಸೆಳೆದ ಕಡುನೀಲಿ, ಮದುವೆಯ ಮಂಟಪದ ಹಳದಿ ದೀಪಗಳಲ್ಲಿ ಕರಿಯಾಗಿ ಕಾಣಿಸೀತು. ಕೆಂಪು ದೀಪ ಬಿದ್ದಾಗ ಕೆಂಪು ವಾದ್ಯ ಬಿಳುಪಾಗಿ ಕರಗುತ್ತದೆ. ಹಸುರು ವಾದ್ಯ ಕತ್ತಲಾಗುತ್ತದೆ. ಬಿಳಿ ಮತ್ತು ಕೆನೆಬಣ್ಣಗಳು ಮಾತ್ರ ಬಿದ್ದ ದೀಪದ ಬಣ್ಣವನ್ನೇ ತೊಟ್ಟುಕೊಂಡು ಸಂಜೆಯುದ್ದಕ್ಕೂ ವೇಷ ಬದಲಿಸುತ್ತ ಇರುತ್ತವೆ. ಕ್ಯಾಂಡಿ ಆಪಲ್ ರೆಡ್ ಎಂಬ ಕೆಂಪಿನ ಗುಟ್ಟು ಇನ್ನೊಂದು ಬಗೆಯದು: ಕೆಳಗೆ ಬೆಳ್ಳಿ ಅಥವಾ ಹೊನ್ನಿನ ಲೋಹಕಣಗಳ ಪದರ, ಮೇಲೆ ಪಾರದರ್ಶಕವಾದ ಕೆಂಪು. ಬೆಳಕು ಕೆಂಪನ್ನು ಹಾದು, ಲೋಹಕ್ಕೆ ತಾಗಿ, ಮತ್ತೆ ಕೆಂಪಿನೊಳಗಿಂದಲೇ ಹೊರಬರುತ್ತದೆ. ಬೇಗಡೆಯ ಮೇಲೆ ಬಣ್ಣದ ಗಾಜನ್ನು ಇಟ್ಟಂತೆ! ಆದುದರಿಂದ ಸಂಜೆಯ ರಂಗದಲ್ಲಿ ನುಡಿಸುವವನು ವಾದ್ಯವನ್ನು ಹಗಲಿನಲ್ಲಿ ಅಂಗಡಿಯ ಹೊಸ್ತಿಲಿಗೆ ತಂದು ಒಮ್ಮೆ, ಹಳದಿ ದೀಪದ ಕೆಳಗೆ ಒಮ್ಮೆ, ಹತ್ತು ಮಾರು ದೂರದಿಂದ ಒಮ್ಮೆ ನೋಡಿ ಆರಿಸುವುದು ಉಚಿತ.

ಬಣ್ಣದ ಮುಪ್ಪು

ಕೊಂಡ ದಿನದ ಬಣ್ಣ ಹತ್ತು ವರ್ಷಗಳ ಮೇಲೆ ಹೇಗಿದ್ದೀತು? ನೈಟ್ರೊಸೆಲ್ಯುಲೋಸಿನ ಮೆರುಗು ಕಾಲಕ್ರಮದಲ್ಲಿ ಹಳದಿಗೆ ತಿರುಗುತ್ತದೆ. ಬಿಳಿಯ ವಾದ್ಯ ಕೆನೆಬಣ್ಣವಾಗುತ್ತದೆ, ನೀಲಿಯ ಮೇಲೆ ಹಳದಿ ಕವಿದು ಹಸುರಾಗುತ್ತದೆ. ಅದು ತೆಳುವಾದುದರಿಂದ ಕೈ ತಗಲಿದಲ್ಲಿ ಸವೆಯುತ್ತದೆ. ಬಿಸಿಲು ತಣ್ಪುಗಳ ಏರಿಳಿತಕ್ಕೆ ಕೂದಲೆಳೆಯಂತೆ ಬಿರಿಯುತ್ತದೆ. ಮುಂದೆ ಬಂದ ಪಾಲಿಯೆಸ್ಟರ್, ಪಾಲಿಯುರಿಥೇನ್ ಮೆರುಗುಗಳು ಗಟ್ಟಿ. ಗಾಜಿನಂತೆ ಮರವನ್ನು ಮುಚ್ಚಿ ತೇವವನ್ನು ತಡೆಯುತ್ತವೆ. ಬಣ್ಣವೂ ಅಷ್ಟು ಬೇಗ ಬದಲಾಗದು. ಆದರೆ ಪೆಟ್ಟು ಬಿದ್ದರೆ ಚಕ್ಕೆಯಾಗಿ ಏಳುತ್ತವೆ. ಆ ಚಕ್ಕೆಯ ಸಂದಿನಿಂದ ತೇವ ಒಳಹೊಕ್ಕರೆ ಸುತ್ತಲ ಪದರ ಮೆಲ್ಲಗೆ ಮೇಲೇಳಬಹುದು.

ಕರಾವಳಿಯ ತೇವ ಬಣ್ಣಕ್ಕೆ ಮಾಡುವ ಹಾನಿ ಮಂಗಳೂರಿಗೆ ಹೊಸ ಪಾಠವಲ್ಲ. ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆ ಛಾವಣಿಗಳನ್ನು ಇಟಲಿಯ ಆಂತೋನಿಯೊ ಮೊಸ್ಕೇನಿ 1899ರಿಂದ ಸುಮಾರು ಎರಡು ವರ್ಷಗಳಲ್ಲಿ ಚಿತ್ರಗಳಿಂದ ತುಂಬಿದರು. ನೂರು ವರ್ಷ ತುಂಬುವ ಮೊದಲೇ ಅವುಗಳಿಗೆ ತಜ್ಞರ ಶುಶ್ರೂಷೆ ಬೇಕಾಯಿತು. 1990ರ ದಶಕದ ಆರಂಭದಲ್ಲಿ ಅವುಗಳ ಜೀರ್ಣೋದ್ಧಾರ ನಡೆಯಿತು. ದಪ್ಪ ಗೋಡೆಯ ಆಶ್ರಯದಲ್ಲಿದ್ದ ಬಣ್ಣಕ್ಕೇ ಈ ಪಾಡಾದರೆ, ಬಸ್ಸಿನಲ್ಲಿ ಚೀಲ ಹೊತ್ತು ಊರೂರು ತಿರುಗುವ ವಾದ್ಯದ ಪಾಡೇನು? ಕೂಳೂರಿನವನು ಗಟ್ಟಿಯಾದ ಹೊಸ ಮೆರುಗನ್ನು ಆರಿಸಿದರೆ ಜಾಣ. ಹಳೆಯ ತೆಳು ಮೆರುಗೇ ಬೇಕೆನ್ನುವವನು ಅದರ ಮುಪ್ಪನ್ನೂ ಕೂಡ ಆರಿಸಿಕೊಂಡೆನೆಂದು ತಿಳಿದಿರಬೇಕು. ಮುಪ್ಪಿನಲ್ಲಿ ಹೆಚ್ಚು ಚೆಲುವಾಗುವ ಕೆನೆ, ಜೇನು, ಸನ್‌ಬರ್ಸ್ಟ್‌ಗಳಲ್ಲಿ ಒಂದನ್ನು ಅವನು ಹಿಡಿಯುವುದು ಮೇಲು.

ಲೋಹದ ಆಯ್ಕೆ, ಕಡಲ ತೀರ್ಪು

ಬಣ್ಣದಲ್ಲಿ ತಪ್ಪಿದರೆ ಕಣ್ಣಿಗೆ ಮಾತ್ರ ನಷ್ಟ. ಲೋಹದಲ್ಲಿ ತಪ್ಪಿದರೆ ವಾದ್ಯವೇ ಕೈಕೊಡುತ್ತದೆ. ಬಿರಡೆ ತಿರುಗದಿದ್ದರೆ, ಕುದುರೆಯ ತಿರುಪು ತುಕ್ಕು ಹಿಡಿದು ಕಚ್ಚಿಕೊಂಡರೆ ಶ್ರುತಿ ಕೂಡದು. ಆದುದರಿಂದ ಈ ಭಾಗವನ್ನು ತುಸು ವಿಸ್ತಾರವಾಗಿ ನೋಡುವುದು ಅವಶ್ಯ.

ಬಿಳಿಯ ಹೊಳಪಿನಲ್ಲಿ ಎರಡು ಬಗೆ: ನಿಕಲ್ ಮತ್ತು ಕ್ರೋಮ್. ನಿಕಲ್‌ನ ಬಿಳುಪಿನಲ್ಲಿ ತುಸು ಹಳದಿಯ ಬಿಸುಪಿದೆ. ಕೈಯ ಬೆವರಿಗೂ ಗಾಳಿಗೂ ಅದು ಮಂಕಾಗಿ, ಮನೆಯ ಹಳೆಯ ಬೆಳ್ಳಿ ಲೋಟದಂತೆ ಮೃದುವಾದ ಮಬ್ಬನ್ನು ಪಡೆಯುತ್ತದೆ. ಕ್ರೋಮಿನ ಬಿಳುಪು ನೀಲಿ ಛಾಯೆಯ, ಕನ್ನಡಿಯಂಥ ಬಿಳುಪು. ಅದು ಸ್ವತಃ ಮಂಕಾಗುವುದಿಲ್ಲ. ಹಾಗೆಂದು ಕ್ರೋಮ್ ಅಜೇಯವೆಂದು ಭಾವಿಸಲಾಗದು. ಅಲಂಕಾರದ ಕ್ರೋಮಿನ ಪದರ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತಲೂ ತೆಳುವು. ನಮ್ಮ ತಲೆಗೂದಲು ಅದಕ್ಕಿಂತ ಐವತ್ತು ಪಟ್ಟಿಗೂ ಹೆಚ್ಚು ದಪ್ಪ. ತುಕ್ಕನ್ನು ನಿಜವಾಗಿ ತಡೆಯುವುದು ಅದರಡಿಯ ನಿಕಲ್ಲಿನ ದಪ್ಪ ಪದರ. ಅಗ್ಗದ ವಾದ್ಯಗಳಲ್ಲಿ ಈ ಕೆಳಪದರವನ್ನೇ ಜಿಪುಣತನದಿಂದ ಕೊಟ್ಟಿರುತ್ತಾರೆ. ಕಣ್ಣಿಗೆ ಎರಡೂ ಒಂದೇ ಹೊಳಪು. ಎರಡು ಮಳೆಗಾಲ ಕಳೆದ ಮೇಲೆ ಭೇದ ಬಯಲಾಗುತ್ತದೆ. ಉಪ್ಪಿನ ತೇವ ಕ್ರೋಮಿನ ಕಾಣದ ಬಿರುಕುಗಳಲ್ಲಿ ಇಳಿದು ಒಳಲೋಹವನ್ನು ಮುಟ್ಟುತ್ತದೆ. ಒಳಗೆ ಉಕ್ಕಿದ್ದರೆ ಕೆಂಪು ಚುಕ್ಕೆ. ಎರಕದ ಸತುವಿದ್ದರೆ ಬಿಳಿಯ ಪುಡಿ, ಅದರ ಮೇಲೆ ಗುಳ್ಳೆಯೆದ್ದ ಗಿಲೀಟು.

ಹೊನ್ನಿನ ಗಿಲೀಟಿಗೆ ನಮ್ಮ ಜನ ಬೇಗ ಮನಸೋಲುತ್ತಾರೆ. ಶುದ್ಧ ಚಿನ್ನಕ್ಕೆ ಕಡಲಗಾಳಿಯ ಭಯವಿಲ್ಲವೆಂಬುದು ನಿಜ. ಆದರೆ ಬಿರಡೆಯ ಮೇಲಿರುವುದು ಚಿನ್ನದ ನೆರಳಷ್ಟೆ. ಚಿನ್ನ ಮೃದು, ಅಂಗೈ ಒರಗುವ ಕುದುರೆಯ ಮೇಲಿನಿಂದ ಅದು ಮೊದಲು ಅಳಿಸಿಹೋಗಿ ಕೆಳಗಿನ ಬಿಳಿ ಲೋಹ ಇಣುಕುತ್ತದೆ. ಆಮೇಲೆ ವಾದ್ಯ ಉತ್ಸವ ಮುಗಿದ ಮರುದಿನದ ರಥದಂತೆ ಕಾಣುತ್ತದೆ. ಫೆಂಡರ್ ಕಂಪೆನಿ 1957ರಲ್ಲಿ ತನ್ನ ಬೇಸಿಗೆ ಹೊಂಬಣ್ಣದ ಅಲ್ಯೂಮಿನಿಯಮ್ ಫಲಕವನ್ನು ಹಾಕಿತ್ತು. ಅದೂ ಬೆರಳು ತಗಲಿದಲ್ಲಿ ಸವೆದು ಬಿಳುಪಾಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದರ ಸ್ಥಾನಕ್ಕೆ ಆಮೆಯ ಚಿಪ್ಪಿನ ಬಣ್ಣದ ಫಲಕ ಬಂದಿತು.

ಕರಿಯ ಲೋಹ 1980ರ ದಶಕದಲ್ಲಿ ಬಳಕೆಗೆ ಬಂದ ಷೋಕಿ. ಇದರಲ್ಲಿ ಒಳಭೇದಗಳುಂಟು. ಬರಿಯ ಬಣ್ಣ ಬಳಿದುದಾದರೆ ಉಗುರು ತಾಗಿದಲ್ಲಿ ಕಿತ್ತು ಬರುತ್ತದೆ. ಪುಡಿಯನ್ನು ಕಾಯಿಸಿ ಕೂರಿಸಿದ ಲೇಪವಾದರೆ ಉಪ್ಪುಗಾಳಿಗೆ ಚೆನ್ನಾಗಿ ಎದೆಗೊಡುತ್ತದೆ. ಕೊಳ್ಳುವವನು ಇದನ್ನು ಕೇಳಿ ತಿಳಿಯಬೇಕು.

ಲೇಪವಿಲ್ಲದ ಬರಿಯ ಹಿತ್ತಾಳೆಗೆ 1970ರ ದಶಕದಲ್ಲಿ ಬಹಳ ಮನ್ನಣೆಯಿತ್ತು. ಹಿತ್ತಾಳೆಯ ಸ್ವಭಾವ ನಮ್ಮ ಮನೆಗಳಿಗೆ ಚಿರಪರಿಚಿತ. ದೇವರ ದೀಪ ಒಂದು ವಾರ ಬಿಟ್ಟರೆ ಕಂದುತ್ತದೆ. ಹುಣಿಸೆಹುಳಿ ಹಚ್ಚಿ ತಿಕ್ಕಿದರೆ ಮತ್ತೆ ಹೊನ್ನಾಗುತ್ತದೆ. ಅದು ಕಿಲುಬು ಹಿಡಿದೀತೇ ಹೊರತು ಉಕ್ಕಿನಂತೆ ತಿಂದು ಉದುರದು. ವಾದ್ಯಕ್ಕೆ ಹುಳಿ ಹಚ್ಚುವಂತಿಲ್ಲ, ನಿಜ. ಒಣಬಟ್ಟೆಯಿಂದ ಉಜ್ಜುವ ತಾಳ್ಮೆಯುಳ್ಳವನಿಗೆ ಹಿತ್ತಾಳೆ ಮೋಸ ಮಾಡದ ಲೋಹ. ತಾಳ್ಮೆಯಿಲ್ಲದವನಿಗೆ ತುಕ್ಕು ಹಿಡಿಯದ ಉಕ್ಕು, ಅಂದರೆ ಸ್ಟೇನ್‌ಲೆಸ್ ಸ್ಟೀಲು, ಇದೆ. ಅದರ ಮಬ್ಬು ಬಿಳುಪಿಗೆ ಬೆಡಗು ಕಡಿಮೆ, ಬಾಳಿಕೆ ಹೆಚ್ಚು. ದಂಡಿಯ ಮೆಟ್ಟಿಲುಗಳು ಬಹುಮಟ್ಟಿಗೆ ಜರ್ಮನ್ ಸಿಲ್ವರಿನವು. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದು ತಾಮ್ರ, ನಿಕಲ್, ಸತುವುಗಳ ಮಿಶ್ರಣ, ಕಂದುತ್ತದೆ, ಕೆಡುವುದಿಲ್ಲ.

ತುಕ್ಕು ಮೊದಲು ಹಿಡಿಯುವುದು ದೊಡ್ಡ ಭಾಗಗಳಿಗಲ್ಲ, ಸಣ್ಣ ತಿರುಪುಗಳಿಗೆ. ಅವುಗಳನ್ನು ಯಾರೂ ನೋಡುವುದಿಲ್ಲ. ಅವನ್ನು ಆರಂಭದಲ್ಲಿಯೇ ಸ್ಟೇನ್‌ಲೆಸ್ ಸ್ಟೀಲಿನವಕ್ಕೆ ಬದಲಿಸುವುದು ಕೆಲವೇ ರೂಪಾಯಿಗಳ ಕೆಲಸ. ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ಒರೆಸುವುದು, ತಿರುಪುಗಳಿಗೆ ಮಳೆಗಾಲಕ್ಕೆ ಮೊದಲು ಹೊಲಿಗೆಯಂತ್ರದ ಎಣ್ಣೆಯನ್ನು ಒಂದೊಂದು ಹನಿ ಮುಟ್ಟಿಸುವುದು, ವಾದ್ಯದ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣವಿಡುವುದು, ಇಷ್ಟು ಮಾಡಿದರೆ ಸಾಧಾರಣವಾದ ಕ್ರೋಮೂ ದೀರ್ಘಕಾಲ ನಿಲ್ಲುತ್ತದೆ.

ಹೊಂದಿಕೆ ಎಂಬ ವಿವೇಕ

ಬಣ್ಣ, ಲೋಹಗಳನ್ನು ಬೇರೆಬೇರೆಯಾಗಿ ಆರಿಸಿ ಕೂಡಿಸಿದರೆ ಸಾಲದು. ಅವೆರಡರ ನಡುವೆ ಸ್ನೇಹವಿರಬೇಕು. ಈ ವಿಷಯದಲ್ಲಿ ಮೈಸೂರಿನ ವೀಣೆಯನ್ನು ನೋಡಿ ಕಲಿಯಬಹುದಾದುದು ಬಹಳ. ಬೀಟೆಯ ಕಡುಗಂದು, ಮೇಣದ ಕಪ್ಪು, ಅದರ ಮೇಲೆ ಇಪ್ಪತ್ತನಾಲ್ಕು ಮೆಟ್ಟಿಲುಗಳ ಲೋಹದ ಹೊಂಬೆಳಕು, ಅಂಚಿನಲ್ಲಿ ದಂತದ ಕೆನೆಬಿಳುಪಿನ ಕೆತ್ತನೆ, ಇಷ್ಟೇ. ನಾಲ್ಕು ಬಣ್ಣಗಳಲ್ಲಿ ಒಂದೂ ಇನ್ನೊಂದರ ಮೇಲೆ ಕೂಗುವುದಿಲ್ಲ. ಭಾರತದ ಆನೆಯ ದಂತದ ವ್ಯಾಪಾರವನ್ನು 1986ರಲ್ಲಿಯೂ ಆಮದಿನ ದಂತದ ವ್ಯಾಪಾರವನ್ನು 1991ರಲ್ಲಿಯೂ ಕಾಯಿದೆ ನಿಷೇಧಿಸಿದ ಮೇಲೆ ದಂತದ ಎಡೆಗೆ ಪ್ಲಾಸ್ಟಿಕ್ಕು ಬಂದಿತು. ಆನೆಯ ಪ್ರಾಣದ ಮುಂದೆ ಅಂಚಿನ ಬಿಳುಪು ದೊಡ್ಡದಲ್ಲ. ವಸ್ತು ಬದಲಾದರೂ ಬಣ್ಣಗಳ ಹೊಂದಿಕೆ ಉಳಿಯಿತೆಂಬುದೇ ಗಮನಾರ್ಹ.

ಇದೇ ವಿವೇಕವನ್ನು ಬೇಸ್ ಗಿಟಾರಿಗೆ ಅನ್ವಯಿಸಿದರೆ ಹೀಗೆ ಹೇಳಬಹುದು. ಮರದ ಎಳೆ ಕಾಣುವ ಕಂದು, ಜೇನು, ಸನ್‌ಬರ್ಸ್ಟ್ ಬಣ್ಣಗಳಿಗೆ ನಿಕಲ್ ಅಥವಾ ಹಿತ್ತಾಳೆಯ ಬಿಸುಪು ಒಪ್ಪುತ್ತದೆ. ಆಕಾಶನೀಲಿ, ಎಲೆಹಸುರು, ಅಚ್ಚ ಕೆಂಪುಗಳಿಗೆ ಕ್ರೋಮಿನ ತಣ್ಣನೆಯ ಬಿಳುಪು ಸರಿ. ಅವೆರಡೂ ಮೋಟಾರಿನ ಮನೆಯಿಂದಲೇ ಬಂದ ಅಕ್ಕತಂಗಿಯರಷ್ಟೆ. ಬಿಳಿ ಮತ್ತು ಕರಿಯ ಮೈಗೆ ಹೊನ್ನು ಶೋಭಿಸುತ್ತದೆ, ಅದು ಉಳಿದಿರುವಷ್ಟು ಕಾಲ. ಕರಿಯ ಮೈಗೆ ಕರಿಯ ಲೋಹ ಗಂಭೀರ; ರಂಗದ ಹಿನ್ನೆಲೆಯೂ ಕಪ್ಪಾಗಿದ್ದರೆ ಮಾತ್ರ ವಾದ್ಯವೇ ಮಾಯವಾದೀತು.

ದಂಡಿಯ ಮೇಲಿನ ಮರವನ್ನೂ ಈ ಹೊಂದಿಕೆಯಲ್ಲಿ ಸೇರಿಸಿಕೊಳ್ಳಬೇಕು. ಅದು ಒಂದೋ ಬೆಣ್ಣೆಬಣ್ಣದ ಮೇಪಲ್, ಇಲ್ಲವೆ ಕಡುಗಂದಿನ ರೋಸ್‌ವುಡ್. ಮೊದಲು ಬ್ರೆಜಿಲ್ ದೇಶದ ಮರವನ್ನು ಬಳಸುತ್ತಿದ್ದ ಅಮೆರಿಕದ ಕಂಪೆನಿಗಳು ಅದು ದುರ್ಲಭವಾದಾಗ, 1960ರ ದಶಕದ ಉತ್ತರಾರ್ಧದಿಂದ, ಭಾರತದ ರೋಸ್‌ವುಡ್ಡಿಗೆ ತಿರುಗಿದವು. ಆ ಮರ ಬೇರೆ ಯಾವುದೂ ಅಲ್ಲ, ನಮ್ಮ ಪಶ್ಚಿಮಘಟ್ಟದ ಬೀಟೆ. ವೀಣೆಯಾಗುವ ಮರವೇ ಕಡಲಾಚೆಗೆ ಹೋಗಿ ಬೇಸ್ ಗಿಟಾರಿನ ದಂಡಿಯ ಹಲಗೆಯಾಗಿ ಮರಳಿ ಬಂದಿದೆ. ಪರಕೀಯವೆಂದು ನಾವು ನೋಡುವ ವಾದ್ಯದಲ್ಲಿ ಬೆರಳು ಓಡಾಡುವ ಭಾಗವೇ ನಮ್ಮ ಕಾಡಿನದಾಗಿರುವುದು ಎಂಥ ಸೋಜಿಗ!

ಸವೆತದ ಸೊಗಸು

ಹೆಸರಾಂತ ಬೇಸ್ ವಾದಕರ ವಾದ್ಯಗಳನ್ನು ನೋಡಿದರೆ ಬಣ್ಣದ ವಿಷಯದಲ್ಲಿ ಒಂದು ಸತ್ಯ ಹೊಳೆಯುತ್ತದೆ. ಡೆಟ್ರಾಯಿಟಿನ ಮೋಟೌನ್ ಹಾಡುಗಳಿಗೆ ಮಂದ್ರದ ಜೀವ ತುಂಬಿದ ಜೇಮ್ಸ್ ಜೇಮರ್‌ಸನ್ ನುಡಿಸಿದುದು 1962ರ ಸಾಧಾರಣ ಸನ್‌ಬರ್ಸ್ಟ್ ಪ್ರಿಸಿಷನ್ ಬೇಸು. ಬೀಟಲ್ಸ್ ವೃಂದದ ಪಾಲ್ ಮ್ಯಾಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ಪಿಟೀಲಿನಾಕಾರದ ಹಾಫ್ನರ್ ಬೇಸನ್ನು ಕೊಂಡರು. ಎಡಗೈಯಲ್ಲಿ ನುಡಿಸುವ ತಮಗೆ ಎರಡೂ ಮಗ್ಗುಲು ಒಂದೇ ಸಮನಾದ ಆ ಆಕಾರ ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣದೆಂಬುದು ಒಂದು ಕಾರಣ. ನೋಟ ಕ್ಷುಲ್ಲಕವೆನ್ನುವವರು ಇದನ್ನು ನೆನೆಯಬೇಕು. 1972ರಲ್ಲಿ ಕಳವಾದ ಆ ವಾದ್ಯ ಐವತ್ತು ವರ್ಷಗಳ ಮೇಲೆ ಮರಳಿ ಸಿಕ್ಕಿತೆಂಬ ಸುದ್ದಿ 2024ರಲ್ಲಿ ಹೊರಬಿತ್ತು. ಫ್ಲಾರಿಡದ ಕಡಲತೀರದಲ್ಲಿ ಬೆಳೆದ ಜಾಕೊ ಪಾಸ್ಟೋರಿಯಸ್ ತಮ್ಮ 1962ರ ಜಾಝ್ ಬೇಸಿನ ಮೆಟ್ಟಿಲುಗಳನ್ನು ಕಿತ್ತು, ಒರಟು ತಂತಿಗಳಿಂದ ಮರ ಸವೆಯದಿರಲೆಂದು ದಂಡಿಗೆ ದೋಣಿಗಳಿಗೆ ಬಳಿಯುವ ಎಪಾಕ್ಸಿ ಅಂಟನ್ನು ಬಳಿದರು. ದೋಣಿಯ ಲೇಪ ವಾದ್ಯಕ್ಕೆ! ಮೀನುದೋಣಿಗಳ ಬಂದರಿನವರಾದ ನಮಗೆ ಈ ಯುಕ್ತಿ ವಿಚಿತ್ರವೆನಿಸಲಾರದು. ಕಡಲನ್ನು ಬಲ್ಲವನು ಕಡಲಿನ ಮದ್ದನ್ನೂ ಬಲ್ಲ.

ಈ ಮೂವರ ವಾದ್ಯಗಳಿಗೂ ಗೀರುಗಳಿವೆ, ಸವೆತವಿದೆ. ಇಂದು ಆ ಸವೆತಕ್ಕೇ ಬೆಲೆ ಬಂದಿದೆ. 1995ರಿಂದ ಫೆಂಡರ್ ಕಂಪೆನಿಯವರು ಹೊಸ ವಾದ್ಯವನ್ನೇ ಬೇಕೆಂದು ಗೀರಿ, ಉಜ್ಜಿ, ಲೋಹಕ್ಕೆ ಕಂದು ಹಿಡಿಸಿ, ಹಳೆಯದರಂತೆ ಮಾಡಿ ಹೆಚ್ಚು ಬೆಲೆಗೆ ಮಾರುತ್ತಿದ್ದಾರೆ. ಕೂಳೂರಿನ ಗಾಳಿ ಪುಕ್ಕಟೆಯಾಗಿ ಮಾಡಿಕೊಡುವ ಕೆಲಸಕ್ಕೆ ದೂರದೇಶದಲ್ಲಿ ಡಾಲರು ತೆರುವವರಿದ್ದಾರೆಂದರೆ ನಮ್ಮವರು ನಕ್ಕಾರು. ಆದರೆ ಒಂದು ಭೇದವನ್ನು ಮರೆಯಬಾರದು. ಕೈ ಓಡಾಡಿ ಸವೆದ ಬಣ್ಣ ಬೇರೆ, ಮೂಲೆಯಲ್ಲಿಟ್ಟು ತುಕ್ಕು ಹಿಡಿದ ಲೋಹ ಬೇರೆ. ಮೊದಲನೆಯದು ಸಾಧನೆಯ ಗುರುತು, ಎರಡನೆಯದು ಅಸಡ್ಡೆಯದು. ಮನೆಯ ಹೊಸ್ತಿಲು ನಡುವೆ ಸವೆದಿದ್ದರೆ ಆ ಮನೆಯಲ್ಲಿ ಜನ ಬಾ��ಿದರೆಂದು ಅರ್ಥ. ಬಾಗಿಲ ಬೀಗ ತುಕ್ಕು ಹಿಡಿದಿದ್ದರೆ ಯಾರೂ ಇಲ್ಲವೆಂದು ಅರ್ಥ.

ಆದುದರಿಂದ ಬಣ್ಣವನ್ನು ಆರಿಸುವ ತರುಣನಿಗೆ ಹೇಳಬೇಕಾದುದು ಇಷ್ಟೆ. ಬಣ್ಣ ನಿನ್ನ ಕಣ್ಣು ಮೆಚ್ಚಿದುದಾಗಿರಲಿ; ದಿನವೂ ಪೆಟ್ಟಿಗೆ ತೆರೆದು ಕೈಗೆತ್ತಿಕೊಳ್ಳಬೇಕೆಂಬ ಆಸೆಯನ್ನು ಅದು ಹುಟ್ಟಿಸಿದರೆ, ನಾದಕ್ಕೆ ನೇರವಾಗಿ ಏನನ್ನೂ ಕೊಡದ ಬಣ್ಣ ಸಾಧನೆಯ ಮೂಲಕ ಬಹಳವನ್ನು ಕೊಟ್ಟಂತಾಗುತ್ತದೆ. ಲೋಹ ಮಾತ್ರ ನಿನ್ನ ಊರು ಮೆಚ್ಚಿದುದಾಗಿರಲಿ. ಕಣ್ಣಿನ ಮಾತನ್ನು ಅಂಗಡಿಯಲ್ಲಿ ಕೇಳಬಹುದು. ಊರಿನ ಮಾತನ್ನು ಕೇಳಲು ಹೊಳೆಯಂಚಿನ ದೋಣಿಗಳ ಮೊಳೆಗಳನ್ನೂ ಮನೆಯ ಕಿಟಕಿಯ ಚಿಲಕವನ್ನೂ ನೋಡಿದರೆ ಸಾಕು. ಅಲ್ಲಿ ಉಳಿದ ಲೋಹ ಬಿರಡೆಯಲ್ಲಿಯೂ ಉಳಿದೀತು. ಸಭೆಯ ಹಿಂದೆ ನಿಂತು, ಯಾರ ಕಣ್ಣಿಗೂ ಬೀಳದೆ ಎಲ್ಲರ ಹಾಡನ್ನು ಹೊತ್ತು ನಿಲ್ಲಿಸುವ ಮಂದ್ರಸ್ವರಕ್ಕೆ ಇಷ್ಟು ಉಪಚಾರ ಹೆಚ್ಚೇನಲ್ಲ.